ಕಡತ ಇದೆ, ಓದುವವನಿಲ್ಲ: ಹಳೆಯ ಡೇಟಾಬೇಸ್ ಹೊಸ ಕಂಪ್ಯೂಟರಿನಲ್ಲಿ ತೆರೆಯದಿರುವುದೇಕೆ?

ದಾವಣಗೆರೆ ಎಪಿಎಂಸಿ ಪ್ರಾಂಗಣದಲ್ಲಿ ಒಂದು ದಲ್ಲಾಳಿ ಅಂಗಡಿ. ದೀಪಾವಳಿ ಅಮಾವಾಸ್ಯೆಯ ಲಕ್ಷ್ಮೀಪೂಜೆಯಲ್ಲಿ ಹೊಸ ಖಾತೆ ಪುಸ್ತಕದ ಪಕ್ಕದಲ್ಲೇ ಹೊಸ ಕಂಪ್ಯೂಟರನ್ನೂ ಇಟ್ಟು ಅರಿಶಿನ ಕುಂಕುಮ ಹಚ್ಚಿದ್ದರು. ಮೂರನೆಯ ದಿನ ಹಳೆಯ ಯಂತ್ರದಲ್ಲಿದ್ದ ಲೆಕ್ಕದ ಫೋಲ್ಡರುಗಳನ್ನೆಲ್ಲ ಪೆನ್‌ಡ್ರೈವ್‌ಗೆ ತುಂಬಿ ಹೊಸದಕ್ಕೆ ಸಾಗಿಸಿದರು. ಎಂದಿನಂತೆ ಪ್ರೋಗ್ರಾಂ ತೆರೆಯಲು ಹೋದರೆ, ಇದು ಈ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು ಬಂದು ನಿಂತಿತು. ನನಗೆ ಕರೆ ಬಂತು. ನಾನು ಹೋಗುವ ಹೊತ್ತಿಗೆ ಹಳೆಯ ಪೆಟ್ಟಿಗೆ ಗುಜರಿಯವನಿಗಾಗಿ ಹೊಸ್ತಿಲ ಹೊರಗೆ ಕಾದಿತ್ತು.

“ಅಣ್ಣ, ಅಪ್ಪನ ಕಾಲದ ಲೆಕ್ಕವೆಲ್ಲ ಹೋಯಿತೇ?” ಎಂದು ಮಾಲೀಕರ ಮಗ ಕೇಳಿದ. ಅವನ ತಂದೆ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಆ ಮುಖ ನೋಡಿ ನನ್ನ ಕರುಳು ಚುರ್ ಎಂದಿತು.

“ಏನೂ ಹೋಗಿಲ್ಲ ತಮ್ಮ. ಮೊದಲು ಆ ಪೆಟ್ಟಿಗೆಯನ್ನು ಒಳಗೆ ತಂದಿಡು” ಎಂದೆ.

ಇದೇ ಪ್ರಶ್ನೆಯನ್ನು ಸಹಕಾರ ಸಂಘದ ಕಾರ್ಯದರ್ಶಿಗಳಿಂದ, ಶಾಲೆಯ ಗುಮಾಸ್ತರಿಂದ, ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಗಳಿಂದ ಎಷ್ಟೋ ಸಲ ಕೇಳಿದ್ದೇನೆ. ತಂತ್ರಾಂಶ ಹೊಸದಾಯಿತು, ಹಳೆಯ ಕಡತ ತೆರೆಯುತ್ತಿಲ್ಲ, ಕಡತ ಕೆಟ್ಟುಹೋಗಿದೆ ಎಂದೇ ಎಲ್ಲರೂ ಹೇಳುತ್ತಾರೆ. ನಾನು ನೋಡಿದ ಹೆಚ್ಚಿನ ಪ್ರಸಂಗಗಳಲ್ಲಿ ಕಡತಕ್ಕೆ ಏನೂ ಆಗಿರಲಿಲ್ಲ. ಅದನ್ನು ಓದುತ್ತಿದ್ದವನು ಬದಲಾಗಿದ್ದ, ಅಷ್ಟೇ. ಈ ವ್ಯತ್ಯಾಸ ಗೊತ್ತಿಲ್ಲದೆ, ಗಾಬರಿಯಲ್ಲಿ ‘ರಿಪೇರಿ’ ಗುಂಡಿ ಒತ್ತಿ, ನೆಟ್ಟಗಿದ್ದ ಕಡತವನ್ನು ನಿಜವಾಗಿಯೂ ಕೆಡಿಸಿಕೊಂಡವರಿದ್ದಾರೆ. ಆ ಒಂದು ಗುಂಡಿಯನ್ನು ಒತ್ತುವ ಮುಂಚೆ ಯಾರಾದರೂ ಇದನ್ನು ಓದಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಖತಾವಣಿ, ಗುಮಾಸ್ತ, ಗಲ್ಲಾಪೆಟ್ಟಿಗೆ

ಹಳೆಯ ಮಂಡಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಳಕೋಣೆಯ ಬೀರುವಿನಲ್ಲಿ ಖತಾವಣಿ ಇದೆ. ಅದನ್ನು ಬರೆಯುವುದೂ ಓದುವುದೂ ಗುಮಾಸ್ತರ ಕೆಲಸ. ಯಾವ ಪುಟದಲ್ಲಿ ಯಾರ ಲೆಕ್ಕ, ಯಾವ ಗುರುತಿಗೆ ಏನರ್ಥ ಎಂಬುದು ಅವರಿಗೆ ಗೊತ್ತು. ಗಲ್ಲಾದ ಮೇಲೆ ಕೂತ ಮಾಲೀಕರು ಪುಸ್ತಕವನ್ನು ಮುಟ್ಟುವುದಿಲ್ಲ. “ಹರಿಹರದ ಪಾರ್ಟಿಯದು ಬಾಕಿ ಎಷ್ಟಿದೆ ನೋಡಿ” ಎಂದು ಕೇಳುತ್ತಾರೆ, ಗುಮಾಸ್ತರು ಓದಿ ಹೇಳುತ್ತಾರೆ.

ಕಂಪ್ಯೂಟರಿನಲ್ಲೂ ಇದೇ ಮೂರು ಪಾತ್ರಗಳು. ಡಿಸ್ಕಿನ ಮೇಲಿರುವ ಡೇಟಾಬೇಸ್ ಕಡತವೇ ಖತಾವಣಿ. ಅದನ್ನು ಓದಿ ಬರೆಯುವ ಡೇಟಾಬೇಸ್ ಎಂಜಿನ್ ಅಥವಾ ಡ್ರೈವರ್ ಎಂಬ ತಂತ್ರಾಂಶವೇ ಗುಮಾಸ್ತ. ನಾವು ದಿನವೂ ಪರದೆಯ ಮೇಲೆ ಕಾಣುವ ಬಿಲ್ಲಿನ ಪ್ರೋಗ್ರಾಂ ಗಲ್ಲಾದ ಮೇಲೆ ಕೂತವರಂತೆ. ಅದಕ್ಕೆ ಕಡತದ ಒಳಗಿನ ವ್ಯವಸ್ಥೆ ತಿಳಿಯದು. ಅಪ್‌ಡೇಟ್ ಬಂದಾಗ ಕಡತ ಇದ್ದ ಹಾಗೆಯೇ ಇರುತ್ತದೆ. ಬದಲಾಗುವುದು ಗುಮಾಸ್ತ, ಇಲ್ಲವೇ ಗಲ್ಲಾದವರು, ಕೆಲವೊಮ್ಮೆ ಇಡೀ ಕಟ್ಟಡ.

ಹಾಗಾಗಿ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಮೂವರಲ್ಲಿ ಯಾರು ಬದಲಾದರು?

ಒಂದು ಕಡತವನ್ನು ಬಿಚ್ಚಿ ನೋಡೋಣ

ಆ ಅಂಗಡಿಯ ಪ್ರೋಗ್ರಾಂ ಫಾಕ್ಸ್‌ಪ್ರೋ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಬರೆದದ್ದು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಲೆಕ್ಕದ ಪ್ರೋಗ್ರಾಂ ಎಂದರೆ ಫಾಕ್ಸ್‌ಪ್ರೋ ಎನ್ನುವಂತಿತ್ತು. ನಾನೂ ಅದರಲ್ಲೇ ಕೈ ಪಳಗಿಸಿದವನು. ಇಂಥ ಪ್ರೋಗ್ರಾಂಗಳು ಮಾಹಿತಿಯನ್ನು ಇಡುವುದು ಡಿಬಿಎಫ್ ಎಂಬ ಕಡತದಲ್ಲಿ. ಡಿಬಿಎಫ್‌ನ ಮೂಲ ಡಿಬೇಸ್ ಎಂಬ ಇನ್ನೂ ಹಳೆಯ ಡೇಟಾಬೇಸ್ ತಂತ್ರಾಂಶ. ಅಮೆರಿಕದ ಬಾಹ್ಯಾಕಾಶ ಸಂಶೋಧನೆಯ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕೆಲಸ ಮಾಡುತ್ತಿದ್ದ ವೇಯ್ನ್ ರ‍್ಯಾಟ್ಲಿಫ್ ಅದನ್ನು ಬರೆದವರು. 1984ರಲ್ಲಿ ಬಂದ ಡಿಬೇಸ್ 3 ಹಾಕಿಕೊಟ್ಟ ಮಾದರಿಯೇ ಮುಂದೆ ಫಾಕ್ಸ್‌ಪ್ರೋಗೂ ಬಂತು. ಫಾಕ್ಸ್‌ಪ್ರೋವನ್ನು ಮೈಕ್ರೋಸಾಫ್ಟ್ 1992ರಲ್ಲಿ ಕೊಂಡುಕೊಂಡಿತು. ಮುಂದುವರಿದ ವಿಷುವಲ್ ಫಾಕ್ಸ್‌ಪ್ರೋದ ಕೊನೆಯ ಆವೃತ್ತಿ 2004ರದು. ಅದರ ಬೆಂಬಲ 2015ರ ಜನವರಿಯಲ್ಲಿ ಮುಗಿಯಿತು.

ಅಂಗಡಿಯವರು ಪ್ರತಿ ಆರ್ಥಿಕ ವರ್ಷಕ್ಕೆ ಒಂದೊಂದು ಫೋಲ್ಡರ್ ಮಾಡಿದ್ದರು. ಅತಿ ಹಳೆಯದು 1998–99ರದು. ಅದರೊಳಗಿನ ಆವಕದ ಕಡತದ ಒಂದು ಪ್ರತಿಯನ್ನು, ಬೈಟ್‌ಗಳನ್ನು, ಅಂದರೆ ಕಡತದ ಪುಟ್ಟ ಪುಟ್ಟ ತುಣುಕುಗಳನ್ನು, ಅಂಕಿಗಳಾಗಿ ತೋರಿಸುವ ಒಂದು ಸಾಧನದಲ್ಲಿ ತೆರೆದು ಹುಡುಗನಿಗೆ ತೋರಿಸಿದೆ. ಮೊದಲ ಬೈಟ್ 3. ಇದು ಕಡತದ ಜಾತಿ ಹೇಳುತ್ತದೆ: ಉದ್ದನೆಯ ಟಿಪ್ಪಣಿಗಳಿಗೆ ಪ್ರತ್ಯೇಕ ಮೆಮೊ ಕಡತವಿಲ್ಲದ ಡಿಬೇಸ್ 3 ಬಗೆಯ ಕಡತ ಎಂದರ್ಥ. ನಂತರದ ಮೂರು ಬೈಟ್‌ಗಳು 99, 3, 31. ಕೊನೆಯ ಸಲ ಕಡತವನ್ನು ತಿದ್ದಿದ ದಿನ, 1999ರ ಮಾರ್ಚ್ 31. ವರ್ಷಾಂತ್ಯದ ಲೆಕ್ಕ ಮುಗಿಸಿ ಎದ್ದ ರಾತ್ರಿ ಅಲ್ಲಿ ಹಾಗೆಯೇ ಕೂತಿದೆ. ಆಮೇಲಿನ ನಾಲ್ಕು ಬೈಟ್‌ಗಳು 210, 46, 0, 0. ಇಲ್ಲಿ ಸಣ್ಣ ಸ್ಥಾನ ಮೊದಲು, ದೊಡ್ಡ ಸ್ಥಾನ ಆಮೇಲೆ. 46ನ್ನು 256ರಿಂದ ಗುಣಿಸಿ 210 ಕೂಡಿದರೆ 11,986. ಕಡತದಲ್ಲಿ ಅಷ್ಟು ಸಾಲುಗಳಿವೆ. ಮುಂದಿನ ಎರಡು ಬೈಟ್‌ಗಳಲ್ಲಿ, ಈ ವಿವರಗಳೆಲ್ಲ ಇರುವ ತಲೆಭಾಗದ ಉದ್ದ 321, ಅದರ ಮುಂದಿನ ಎರಡರಲ್ಲಿ ಒಂದೊಂದು ಸಾಲಿನ ಉದ್ದ 86.

ಇಷ್ಟು ಸಿಕ್ಕರೆ ಕಡತ ಪೂರ್ತಿಯಾಗಿದೆಯೇ ಎಂದು ಯಾವ ಫಾಕ್ಸ್‌ಪ್ರೋ ಇಲ್ಲದೆಯೂ ಹೇಳಬಹುದು. 11,986 ಸಾಲುಗಳನ್ನು 86ರಿಂದ ಗುಣಿಸಿದರೆ 10,30,796. ತಲೆಭಾಗದ 321 ಮತ್ತು ಕಡತ ಮುಗಿಯಿತೆಂದು ಹೇಳುವ ಕೊನೆಯ ಒಂದು ಬೈಟ್ ಸೇರಿಸಿದರೆ 10,31,118. ಕಡತದ ಮೇಲೆ ಬಲಗುಂಡಿ ಒತ್ತಿ ಗಾತ್ರ ನೋಡಿದೆವು. 10,31,118 ಬೈಟ್. ಒಂದು ಬೈಟ್ ಕೂಡ ಕಳೆದಿರಲಿಲ್ಲ. ಹುಡುಗ ಕ್ಯಾಲ್ಕುಲೇಟರಿನಲ್ಲಿ ತಾನೇ ಮತ್ತೊಮ್ಮೆ ಗುಣಿಸಿ ನೋಡಿ ಉಸಿರು ಬಿಟ್ಟ.

ತಲೆಭಾಗ ದಾಟಿದರೆ ಸಾಲುಗಳು ಬರಿಗಣ್ಣಿಗೇ ಓದಿಸಿಕೊಳ್ಳುತ್ತವೆ. ಸಾಮಾನ್ಯ ನೋಟ್‌ಪ್ಯಾಡ್‌ನಲ್ಲಿ ತೆರೆದರೂ ರೈತನ ಹೆಸರು, ಊರು, ಚೀಲದ ಸಂಖ್ಯೆ, ತೂಕ, ದರ, ಹಮಾಲಿ ಎಲ್ಲ ಒಂದರ ಪಕ್ಕದಲ್ಲೊಂದು ಇಂಗ್ಲಿಷ್ ಅಕ್ಷರಗಳಲ್ಲಿ ಕಾಣುತ್ತವೆ. ಇದನ್ನು ನೋಡಿದಾಗಲೆಲ್ಲ ನನಗೆ ಆ ಕಾಲದವರ ಮೇಲೆ ಗೌರವ ಹುಟ್ಟುತ್ತದೆ. ಇಷ್ಟು ಸರಳವಾಗಿ, ಇಷ್ಟು ಮುಚ್ಚುಮರೆಯಿಲ್ಲದೆ ಬರೆದಿಟ್ಟ ಕಡತ ನಲವತ್ತು ವರ್ಷವಾದರೂ ಓದಲು ಸಿಗುತ್ತದೆ.

ಕಟ್ಟಡವೇ ಬದಲಾದಾಗ

ಹಾಗಾದರೆ ಪ್ರೋಗ್ರಾಂ ಏಕೆ ನಡೆಯಲಿಲ್ಲ? ಆ ಪ್ರೋಗ್ರಾಂ ವಿಂಡೋಸ್‌ಗೂ ಹಿಂದಿನ ಡಾಸ್ ಎಂಬ ವ್ಯವಸ್ಥೆಯ ಕಾಲದ್ದು, 16 ಬಿಟ್‌ನದು. ಕಂಪ್ಯೂಟರ್ ಒಂದೇ ಸಲಕ್ಕೆ ನಿಭಾಯಿಸುವ ಮಾಹಿತಿಯ ಅಳತೆ ಈ ಬಿಟ್. ಅಂಥವನ್ನು ನಡೆಸಲು 32 ಬಿಟ್ ವಿಂಡೋಸ್ ತನ್ನೊಳಗೆ ಎನ್‌ಟಿವಿಡಿಎಂ ಎಂಬ ಒಂದು ಪುಟ್ಟ ಡಾಸ್ ಯಂತ್ರವನ್ನು ಇಟ್ಟುಕೊಂಡಿತ್ತು. 64 ಬಿಟ್ ವಿಂಡೋಸ್‌ನಲ್ಲಿ ಅದು ಇಲ್ಲ. ವಿಂಡೋಸ್ 10ರವರೆಗೆ 32 ಬಿಟ್ ಆವೃತ್ತಿಯೂ ಸಿಗುತ್ತಿದ್ದುದರಿಂದ ಎಷ್ಟೋ ಹಳೆಯ ಪ್ರೋಗ್ರಾಂಗಳು ಬದುಕಿಕೊಂಡಿದ್ದವು. 2021ರಲ್ಲಿ ಬಂದ ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಪ್ಪತ್ತೈದು ವರ್ಷ ಸದ್ದಿಲ್ಲದೆ ನಡೆದ ಪ್ರೋಗ್ರಾಂಗಳು ಈಗ ಸಾಲಾಗಿ ನಿಲ್ಲುತ್ತಿರುವುದಕ್ಕೆ ಇದೇ ಕಾರಣ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹೊಸ ಕಂಪ್ಯೂಟರಿನೊಳಗೆ ಹಳೆಯ ಡಾಸ್ ಕಂಪ್ಯೂಟರನ್ನು ನಟಿಸಿ ತೋರಿಸುತ್ತದೆ. ಅದನ್ನು ಮಾಡಿದ್ದು ಹಳೆಯ ಆಟಗಳಿಗಾಗಿ, ಆದ್ದರಿಂದ ಮುದ್ರಣದಂಥ ಕೆಲಸಗಳು ಸಲೀಸಾಗಿ ಆಗುವುದಿಲ್ಲ. ಹಳೆಯ ವ್ಯವಸ್ಥೆಯನ್ನೇ ವರ್ಚುವಲ್ ಯಂತ್ರವೊಂದರಲ್ಲಿ, ಅಂದರೆ ತಂತ್ರಾಂಶವೇ ಕಟ್ಟಿಕೊಡುವ ಕಂಪ್ಯೂಟರಿನೊಳಗಿನ ಕಂಪ್ಯೂಟರಿನಲ್ಲಿ, ಕೂರಿಸುವುದು ಇನ್ನೊಂದು ದಾರಿ. ಎರಡನ್ನೂ ಹಳೆಯ ಲೆಕ್ಕ ತಿರುವಿ ನೋಡಲು ಮಾತ್ರ ಬಳಸಿ ಎಂಬುದು ನನ್ನ ಅಭಿಪ್ರಾಯ. ನಾಳೆಯ ವ್ಯಾಪಾರವನ್ನೂ ಅದರ ಮೇಲೆಯೇ ನಡೆಸುತ್ತೇನೆ ಎಂದು ಹೊರಟರೆ ಕಷ್ಟವನ್ನು ಮುಂದಿನ ದೀಪಾವಳಿಗೆ ತಳ್ಳಿದಂತಾಗುತ್ತದೆ.

ಗುಮಾಸ್ತ ಬದಲಾದಾಗ

ಇದು ಹೆಚ್ಚು ತೊಡಕಿನ ಸಂಗತಿ, ಏಕೆಂದರೆ ಕಣ್ಣಿಗೆ ಕಾಣುವುದಿಲ್ಲ. ನಿನ್ನೆ ಸಂಜೆ ತೆರೆದ ಕಡತ ಇಂದು ಬೆಳಿಗ್ಗೆ ತೆರೆಯುವುದಿಲ್ಲ. ಪ್ರೋಗ್ರಾಂ ಅದೇ, ಕಂಪ್ಯೂಟರ್ ಅದೇ. ರಾತ್ರಿ ಒಂದು ಅಪ್‌ಡೇಟ್ ಬಂದು ಹೋಗಿದೆ.

ಮೈಕ್ರೋಸಾಫ್ಟ್ ಆಕ್ಸೆಸ್ ಇದಕ್ಕೆ ಒಳ್ಳೆಯ ಉದಾಹರಣೆ. ಶಾಲೆಗಳ ಪ್ರವೇಶಾತಿ, ಸಂಘಗಳ ಸದಸ್ಯರ ಪಟ್ಟಿ, ಸಣ್ಣ ಕಾರ್ಖಾನೆಗಳ ಹಾಜರಿ ಹೀಗೆ ಎಷ್ಟೋ ಕೆಲಸಗಳು ಎಂಡಿಬಿ ಎಂಬ ಆಕ್ಸೆಸ್ ಕಡತಗಳಲ್ಲಿವೆ. ಅವನ್ನು ಓದುವ ಗುಮಾಸ್ತನ ಹೆಸರು ಜೆಟ್. ಎಂಡಿಬಿ ಕಡತವೊಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೊದಲ ಸಾಲಿನಲ್ಲೇ ‘ಸ್ಟ್ಯಾಂಡರ್ಡ್ ಜೆಟ್ ಡಿಬಿ’ ಎಂಬ ಇಂಗ್ಲಿಷ್ ಪದಗಳು ಕಾಣುತ್ತವೆ. ಉಳಿದದ್ದೆಲ್ಲ ಡಿಬಿಎಫ್‌ನಷ್ಟು ಬಿಚ್ಚುಮನಸ್ಸಿನದಲ್ಲ. ಗುಮಾಸ್ತನಿಲ್ಲದೆ ಬರಿಗಣ್ಣಿಗೆ ಓದಲಾಗದು. ಎಂಡಿಬಿ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಪೀಳಿಗೆಗಳಿವೆ ಎಂಬುದು ಬಹಳ ಜನಕ್ಕೆ ತಿಳಿಯದು. ಆಕ್ಸೆಸ್ 97ರದು ಜೆಟ್ 3 ಪೀಳಿಗೆ. ಆಕ್ಸೆಸ್ 2000ದಿಂದ 2003ರವರೆಗಿನದು ಜೆಟ್ 4. ಆಕ್ಸೆಸ್ 2007ರಲ್ಲಿ ಕಡತದ ಹೆಸರೇ ಎಸಿಸಿಡಿಬಿ ಎಂದಾಯಿತು, ಗುಮಾಸ್ತನ ಹೆಸರು ಏಸ್ ಎಂದಾಯಿತು. ಏಸ್ ಜೆಟ್ 4ರ ಕಡತಗಳನ್ನೂ ಓದುತ್ತಾನೆ. ಆದರೆ ಆಕ್ಸೆಸ್ 2013ರಿಂದ ಈಚೆಗೆ 97ರ ಕಡತ ತೆರೆಯುವುದಿಲ್ಲ. ಆಕ್ಸೆಸ್ 2007 ಅಥವಾ 2010 ಇರುವ ಯಂತ್ರವೊಂದನ್ನು ಹುಡುಕಿ, ಅಲ್ಲಿ ಹೊಸ ರೂಪಕ್ಕೆ ಬದಲಿಸಿ ತರಬೇಕು. ಇದೇ 2013ರಲ್ಲಿ ಡಿಬಿಎಫ್ ಓದುವ ಸೌಲಭ್ಯವನ್ನೂ ಕೈಬಿಟ್ಟಿದ್ದರು. ಬಳಕೆದಾರರ ಒತ್ತಾಯದ ಮೇಲೆ 2016ರಲ್ಲಿ ಅದನ್ನು ಮರಳಿ ತಂದರು.

ಇವೆಲ್ಲ ಹೇಳಿ ಕೈಬಿಟ್ಟ ಬದಲಾವಣೆಗಳು. ಹೇಳದೆ ಆದ ಒಂದು ಅವಘಡವನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2019ರ ಜನವರಿ 8ರಂದು ವಿಂಡೋಸ್‌ನ ಮಾಸಿಕ ಅಪ್‌ಡೇಟ್ ಬಂತು. ಅದು ಬಂದ ಮೇಲೆ, ಆಕ್ಸೆಸ್ 97 ರೂಪದ ಕಡತ ಬಳಸುವ ಕೆಲವು ಪ್ರೋಗ್ರಾಂಗಳು ‘ಗುರುತಿಸಲಾಗದ ಡೇಟಾಬೇಸ್ ಸ್ವರೂಪ’ ಎಂಬ ಅರ್ಥದ ದೋಷ ತೋರಿಸಿ ನಿಂತವು. ಎಲ್ಲ ಕಡತಗಳೂ ಅಲ್ಲ. ಯಾವ ಕಡತದಲ್ಲಿ ಒಂದಾದರೂ ಕಾಲಂನ ಹೆಸರು 32 ಅಕ್ಷರ ಮೀರಿತ್ತೋ ಅವು ಮಾತ್ರ.

ಆಕ್ಸೆಸ್‌ನಲ್ಲಿ ಕಾಲಂನ ಹೆಸರು 64 ಅಕ್ಷರಗಳವರೆಗೆ ಇರಬಹುದು ಎಂಬುದು ಅದರದೇ ನಿಯಮ. ಡಿಬಿಎಫ್‌ನಲ್ಲಿ 10 ಅಕ್ಷರ ಮೀರುವಂತಿರಲಿಲ್ಲವಾದ್ದರಿಂದ ಎಲ್ಲರೂ ಚುಟುಕಾಗಿ ಬರೆಯುತ್ತಿದ್ದರು. ಆಕ್ಸೆಸ್ ಬಂದ ಮೇಲೆ ಜನ ಅರ್ಜಿಯ ನಮೂನೆಯಲ್ಲಿ ಇದ್ದಂತೆಯೇ, ‘ರೈತನ ಹೆಸರು ಮತ್ತು ಆತನ ತಂದೆಯ ಹೆಸರು’ ಎಂದು ಇಂಗ್ಲಿಷಿನಲ್ಲಿ ಪೂರ್ತಿ ಸಾಲನ್ನೇ ಕಾಲಂಗೆ ಇಟ್ಟರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಒಂದೇ ಪ್ರೋಗ್ರಾಂ ಒಂದು ಕಚೇರಿಯಲ್ಲಿ ನಿಲ್ಲುವುದು, ಪಕ್ಕದ ಕಚೇರಿಯಲ್ಲಿ ನಡೆಯುವುದು ಎಂದರೆ ಕಾರಣ ಹುಡುಕುವವನ ಪಾಡೇನು? ಕಡತ ಕೆಟ್ಟಿದೆ ಎಂದೇ ಯಾರಿಗಾದರೂ ಅನಿಸುತ್ತದೆ. ಮೈಕ್ರೋಸಾಫ್ಟ್ ತಾನೇ ಈ ತೊಂದರೆಯನ್ನು ಒಪ್ಪಿಕೊಂಡು, ಕಾಲಂನ ಹೆಸರನ್ನು ಚಿಕ್ಕದು ಮಾಡಿ ಅಥವಾ ಕಡತವನ್ನು ಹೊಸ ರೂಪಕ್ಕೆ ಬದಲಿಸಿ ಎಂದು ತಾತ್ಕಾಲಿಕ ದಾರಿ ಹೇಳಿತು. ಫೆಬ್ರುವರಿಯ ಅಪ್‌ಡೇಟ್‌ನಲ್ಲಿ ಅದನ್ನು ಸರಿಪಡಿಸಿತು. ಅದೇ ಫೆಬ್ರುವರಿಯ ಅಪ್‌ಡೇಟ್‌ನಿಂದ ಆಕ್ಸೆಸ್ 95 ರೂಪದ ಕಡತ ಬಳಸುವ ಪ್ರೋಗ್ರಾಂಗಳು ಆಗಾಗ ನಿಲ್ಲತೊಡಗಿದವು; ಅದಕ್ಕೂ ಆಮೇಲೆ ತಿದ್ದುಪಡಿ ಬಂತು. ಆ ವರ್ಷದ ನವೆಂಬರಿನಲ್ಲಿ ಇನ್ನೊಂದು ಭದ್ರತಾ ಅಪ್‌ಡೇಟ್ ಬಂದು, ಆಕ್ಸೆಸ್‌ನ ಕೆಲವು ಸಾಮಾನ್ಯ ಅಪ್‌ಡೇಟ್ ಕ್ವೆರಿಗಳನ್ನೇ, ಅಂದರೆ ಮಾಹಿತಿಯನ್ನು ತಿದ್ದುವ ಆಜ್ಞೆಗಳನ್ನೇ, ‘ಕ್ವೆರಿ ಕೆಟ್ಟಿದೆ’ ಎಂದು ತಳ್ಳಿಹಾಕಿತು. ಕ್ವೆರಿ ಕೆಟ್ಟಿರಲಿಲ್ಲ.

ದೋಷದ ಸಂದೇಶದಲ್ಲಿ ‘ಕೆಟ್ಟಿದೆ’, ‘ಗುರುತಿಸಲಾಗದು’ ಎಂದು ಬಂದರೆ ಅದನ್ನು ಗುಮಾಸ್ತನ ಮಾತೆಂದು ತಿಳಿಯಿರಿ. ನನಗೆ ಓದಲು ಆಗುತ್ತಿಲ್ಲ ಎಂದಷ್ಟೇ ಅವನು ಹೇಳುತ್ತಿದ್ದಾನೆ. ಪುಸ್ತಕ ಹರಿದಿದೆಯೋ, ಅವನ ಕನ್ನಡಕ ಬದಲಾಗಿದೆಯೋ ಎಂಬುದನ್ನು ಬೇರೆಯಾಗಿ ಪರೀಕ್ಷಿಸಬೇಕು. ಪರೀಕ್ಷೆಯ ದಾರಿ ಸುಲಭ: ಅದೇ ಕಡತದ ಪ್ರತಿಯನ್ನು ಇನ್ನೂ ಅಪ್‌ಡೇಟ್ ಆಗದ ಬೇರೊಂದು ಯಂತ್ರದಲ್ಲಿ ತೆರೆದು ನೋಡುವುದು. ಅಲ್ಲಿ ತೆರೆದರೆ ಕಡತ ಗಟ್ಟಿಯಾಗಿದೆ.

ಇಷ್ಟು ಓದಿದ ಮೇಲೆ, ಅಪ್‌ಡೇಟನ್ನೇ ನಿಲ್ಲಿಸಿಬಿಡೋಣ ಎಂದು ಕೆಲವರಿಗೆ ಅನಿಸಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಜೆಟ್‌ನಂಥ ಹಳೆಯ ಎಂಜಿನ್‌ಗಳನ್ನು ಬರೆದ ಕಾಲದಲ್ಲಿ, ಅಪರಿಚಿತನೊಬ್ಬ ಬೇಕೆಂದೇ ವಿಷ ತುಂಬಿದ ಕಡತವನ್ನು ಇಮೇಲ್‌ನಲ್ಲಿ ಕಳಿಸಿಯಾನು ಎಂಬ ಯೋಚನೆ ಅಷ್ಟಾಗಿ ಇರಲಿಲ್ಲ. ಅಂಥ ಕಡತವನ್ನು ತೆರೆದ ಕೂಡಲೇ ಕಂಪ್ಯೂಟರ್ ಅವನ ವಶವಾಗುವಂಥ ಬಿರುಕುಗಳು ಈ ಎಂಜಿನ್‌ಗಳಲ್ಲಿ ಮತ್ತೆ ಮತ್ತೆ ಸಿಕ್ಕಿವೆ. ಬಿರುಕು ಮುಚ್ಚಲು ಗುಮಾಸ್ತನನ್ನು ಹೆಚ್ಚು ಶಂಕೆಯುಳ್ಳವನನ್ನಾಗಿ ಮಾಡಬೇಕಾಗುತ್ತದೆ. ಕಡತದ ಪ್ರತಿ ಅಳತೆಯನ್ನೂ ಅವನು ತಪಾಸಣೆ ಮಾಡತೊಡಗುತ್ತಾನೆ. ಆ ತಪಾಸಣೆ ಒಮ್ಮೊಮ್ಮೆ ನ್ಯಾಯವಾದ ಹಳೆಯ ಕಡತವನ್ನೂ ಬಾಗಿಲಲ್ಲೇ ತಡೆಯುತ್ತದೆ. ಬ್ಯಾಂಕಿನ ವ್ಯವಹಾರವೂ ಅದೇ ಯಂತ್ರದಲ್ಲಿ ನಡೆಯುವ ಅಂಗಡಿಯಲ್ಲಿ ಭದ್ರತೆಯನ್ನು ಬಿಟ್ಟುಕೊಡುವಂತಿಲ್ಲ. ಕೆಲವು ದಿನ ತಡೆದು, ಮೊದಲು ಒಂದು ಯಂತ್ರಕ್ಕೆ ಹಾಕಿ ನೋಡಿ, ಆಮೇಲೆ ಉಳಿದವಕ್ಕೆ ಹಾಕಬಹುದು. ಅಷ್ಟು ಸಾಕು.

ಇದೇ ಸಾಲಿನ ಇನ್ನೊಂದು ತೊಂದರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಪ್ರೊವೈಡರ್ ನೋಂದಣಿಯಾಗಿಲ್ಲ’ ಎಂಬ ಅರ್ಥದ ದೋಷ ಬಂದರೆ (ಪ್ರೊವೈಡರ್ ಎಂದರೂ ನಮ್ಮ ಗುಮಾಸ್ತನೇ), ಕೇಳುವವನು 64 ಬಿಟ್, ಗುಮಾಸ್ತ 32 ಬಿಟ್ ಆಗಿರುವ ಸಾಧ್ಯತೆಯೇ ಹೆಚ್ಚು. ಜೆಟ್ 4ರ ಡ್ರೈವರ್ 32 ಬಿಟ್‌ನಲ್ಲಿ ಮಾತ್ರ ಇದೆ. ಇಬ್ಬರನ್ನೂ ಒಂದೇ ಬಿಟ್‌ಗೆ ತಂದರೆ ಸರಿಹೋಗುತ್ತದೆ; 64 ಬಿಟ್‌ನ ಏಸ್ ಎಂಜಿನ್ ಹಾಕಿಕೊಳ್ಳುವುದು ಒಂದು ದಾರಿ. ಆಫೀಸ್ 2019ರಿಂದ ಈಚೆಗೆ ತಾನಾಗಿ ಸ್ಥಾಪನೆಯಾಗುವುದು 64 ಬಿಟ್ ಆವೃತ್ತಿ, ಆದ್ದರಿಂದ ಈ ದೋಷ ಈಗ ಹೆಚ್ಚಾಗಿ ಕಾಣುತ್ತಿದೆ.

ತೆರೆಯಿತು, ಆದರೆ ಕನ್ನಡ ಎಲ್ಲಿ?

ಕನ್ನಡದಲ್ಲಿ ಮಾಹಿತಿ ತುಂಬಿದವರಿಗೆ ಇನ್ನೊಂದು ಬಾಗಿಲು ಬಾಕಿ ಇರುತ್ತದೆ. ಕಡತ ತೆರೆಯುತ್ತದೆ, ಸಾಲುಗಳ ಸಂಖ್ಯೆ ಸರಿಯಿರುತ್ತದೆ. ಹೆಸರಿನ ಜಾಗದಲ್ಲಿ ಮಾತ್ರ ಅರ್ಥವಿಲ್ಲದ ಚಿಹ್ನೆಗಳು. ‘ಕನ್ನಡ’ ಎಂದು ಇರಬೇಕಾದಲ್ಲಿ ಇಂಗ್ಲಿಷಿನ ಪಿ ಅಕ್ಷರ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಅದರ ಪಕ್ಕದಲ್ಲಿ ಬ್ರಿಟಿಷ್ ಪೌಂಡಿನ ಗುರುತು! ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬರೆದ ಕಡತಕ್ಕೆ ಅಕ್ಷರಶೈಲಿ ತಪ್ಪಿದಾಗ ಕಾಣುವುದು ಹೀಗೆಯೇ.

ಆ ಕಾಲದಲ್ಲಿ ಒಂದು ಬೈಟ್‌ಗೆ ಸಿಗುತ್ತಿದ್ದದ್ದು 256 ಸ್ಥಾನಗಳು, ಅವೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಹಂಚಿಹೋಗಿದ್ದವು. ನಮ್ಮವರು ಅದೇ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಚಿತ್ರಿಸಿ ಕೂರಿಸಿದರು. ಕಂಪ್ಯೂಟರಿನ ಪಾಲಿಗೆ ಅದು ಈಗಲೂ ಪೌಂಡಿನ ಗುರುತೇ. ನುಡಿ ಅಕ್ಷರಶೈಲಿ ಹಾಕಿದಾಗ ಮಾತ್ರ ನಮ್ಮ ಕಣ್ಣಿಗೆ ‘ನ’ದ ಒಂದು ಭಾಗ. ಅಂದಿನ ಯಂತ್ರದಲ್ಲಿ ಕನ್ನಡ ಕಾಣಬೇಕೆಂಬ ಹಂಬಲದಿಂದ ಹುಡುಕಿದ ಜಾಣ ದಾರಿ ಅದು, ಅದನ್ನು ಹಳಿಯಲು ನನಗೆ ಮನಸ್ಸಿಲ್ಲ. ಜಗತ್ತಿನ ಭಾಷೆಗಳ ಅಕ್ಷರಗಳಿಗೆ ಬೇರೆ ಬೇರೆ ಸ್ಥಾನ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ 128 ಸ್ಥಾನಗಳ ಖಾನೆ ಇದೆ, ಅದು ಎಲ್ಲರ ಬಳಕೆಗೆ ಬರಲು ಮಾತ್ರ ವರ್ಷಗಳೇ ಹಿಡಿದವು.

ಇದನ್ನು ವಿವರಿಸುವಾಗ ನಾನು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ನೆನೆಯುತ್ತೇನೆ. ಮೊಳಕಾಲ್ಮೂರು ತಾಲ್ಲೂಕಿನ ಆ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿ, ಎಡದಿಂದ ಬಲಕ್ಕೆ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ. ‘ಲಿಪಿಕಾರ’ ಎಂಬ ಅರ್ಥದ ಆ ಒಂದು ಪದ ಮಾತ್ರ ಖರೋಷ್ಠಿ ಲಿಪಿಯಲ್ಲಿದೆ, ಬಲದಿಂದ ಎಡಕ್ಕೆ. ಬಂಡೆ ಒಂದೇ, ಉಳಿಯೂ ಒಂದೇ. ಬ್ರಾಹ್ಮಿ ಬಲ್ಲವರೂ ಆ ಪದದ ಮುಂದೆ ನಿಲ್ಲಬೇಕು. ನಮ್ಮ ಹಳೆಯ ಡೇಟಾಬೇಸ್‌ಗಳಲ್ಲಿ ಅಂಕಿಗಳೆಲ್ಲ ಓದಿಸಿಕೊಂಡು, ಹೆಸರಿನ ಕಾಲಂ ಮಾತ್ರ ಬೇರೆ ಲಿಪಿಯಲ್ಲಿ ನಿಲ್ಲುವುದು ಹೀಗೆಯೇ.

ನುಡಿಯ ಹಳೆಯ ಸಂಕೇತದಿಂದ ಯೂನಿಕೋಡ್‌ಗೆ ಬದಲಿಸುವ ಸಾಧನಗಳು ಉಚಿತವಾಗಿಯೇ ಸಿಗುತ್ತವೆ. ಎಚ್ಚರ ಬೇಕಾಗಿರುವುದು ಅದಕ್ಕೂ ಒಂದು ಹೆಜ್ಜೆ ಹಿಂದೆ. ಜೆಟ್ 3ರ ಕಡತ ಬರಿಯ ಬೈಟ್‌ಗಳನ್ನು ಇಡುತ್ತಿತ್ತು, ಜೆಟ್ 4 ಯೂನಿಕೋಡ್ ಇಡುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಹೊತ್ತಿನಲ್ಲಿ ಕಂಪ್ಯೂಟರಿನ ಭಾಷಾ ಹೊಂದಿಕೆ ಬೇರೆ ಯಾವುದೋ ಆಗಿದ್ದರೆ, ಪೌಂಡಿನ ಗುರುತು ಇನ್ನೇನೋ ಆಗಿಬಿಡುತ್ತದೆ. ಪ್ರಶ್ನಾರ್ಥಕ ಚಿಹ್ನೆಯಾದರಂತೂ ಮುಗಿಯಿತು, ಅದರಿಂದ ಮೂಲ ಅಕ್ಷರವನ್ನು ಮರಳಿ ಪಡೆಯಲು ಯಾವ ಸಾಧನದಿಂದಲೂ ಆಗದು. ಹತ್ತು ಹೆಸರುಗಳನ್ನು ಬದಲಿಸಿ, ಕಣ್ಣಾರೆ ಓದಿ ನೋಡಿ, ಆಮೇಲೆ ಹತ್ತು ಸಾವಿರಕ್ಕೆ ಕೈಹಾಕಿ.

ಒಮ್ಮುಖ ದಾರಿ

ದೊಡ್ಡ ಡೇಟಾಬೇಸ್‌ಗಳೂ ಇದಕ್ಕೆ ಹೊರತಲ್ಲ. ಪೋಸ್ಟ್‌ಗ್ರೆಸ್‌ನ ಒಂದು ಮುಖ್ಯ ಆವೃತ್ತಿಯ ಕಡತಗಳನ್ನು ಮುಂದಿನ ಮುಖ್ಯ ಆವೃತ್ತಿ ಹಾಗೆಯೇ ತೆರೆಯುವುದಿಲ್ಲ. ಬದಲಿಸುವ ಸಾಧನವನ್ನು ಅವರೇ ಕೊಡುತ್ತಾರೆ, ನಾವು ಅದನ್ನು ನಡೆಸಬೇಕು. ಅನೇಕ ಲೆಕ್ಕಪತ್ರ ತಂತ್ರಾಂಶಗಳು ಹೊಸ ಆವೃತ್ತಿಯಲ್ಲಿ ತೆರೆದ ಕೂಡಲೇ ‘ಹಳೆಯ ಕಡತವನ್ನು ಬದಲಿಸಲೇ?’ ಎಂದು ಕೇಳುತ್ತವೆ. ಹೌದು ಎಂದ ಮೇಲೆ ಅದು ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಹೌದು ಎನ್ನುವುದಕ್ಕೆ ಮುಂಚೆ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಲೇಬೇಕು.

ಹೊಸದಾಗಿ ಏನನ್ನಾದರೂ ಕಟ್ಟಿಸುತ್ತಿದ್ದರೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಕಡೆಗೆ ನನ್ನ ಒಲವು. 2004ರ ಮೂರನೆಯ ಆವೃತ್ತಿಯಿಂದ ಅದರ ಕಡತದ ರೂಪವನ್ನು ಹಿಂದಿನದಕ್ಕೆ ಹೊಂದುವಂತೆಯೇ ಉಳಿಸಿಕೊಂಡು ಬಂದಿದ್ದಾರೆ, 2050ರವರೆಗೂ ಬೆಂಬಲಿಸುವ ಉದ್ದೇಶವನ್ನು ಬಹಿರಂಗವಾಗಿ ಹೇಳಿದ್ದಾರೆ. ದೀರ್ಘಕಾಲ ಕಾಪಿಡಲು ತಕ್ಕ ರೂಪಗಳ ಪಟ್ಟಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನೂ ಸೇರಿಸಿದೆ. ಇದಲ್ಲದೆ, ಪ್ರತಿ ವರ್ಷ ಮಾರ್ಚ್ 31ರ ಲೆಕ್ಕ ಮುಗಿದ ಮೇಲೆ ಎಲ್ಲ ಪಟ್ಟಿಗಳನ್ನೂ ಸಿಎಸ್‌ವಿ ಎಂಬ ಸರಳ ಪಠ್ಯ ಕಡತವಾಗಿ ತೆಗೆದಿಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಅದನ್ನು ಓದಲು ಯಾವ ಗುಮಾಸ್ತನೂ ಬೇಡ. ಎಕ್ಸೆಲ್‌ನಲ್ಲಿ ನೇರವಾಗಿ ತೆರೆದು ಮತ್ತೆ ಉಳಿಸುವ ತಪ್ಪು ಮಾತ್ರ ಮಾಡಬೇಡಿ. 007 ಎಂಬ ಖಾತೆ ಸಂಖ್ಯೆ 7 ಆಗುತ್ತದೆ, 15 ಅಂಕಿ ಮೀರಿದ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ಅಂಕಿಗಳು ಸೊನ್ನೆಗಳಾಗುತ್ತವೆ.

ಹದಿನಾಲ್ಕು ನಕ್ಷತ್ರಗಳು

ಮತ್ತೆ ಎಪಿಎಂಸಿಯ ಆ ಅಂಗಡಿಗೆ ಬರುತ್ತೇನೆ. ಹಳೆಯ ಪೆಟ್ಟಿಗೆಯ ಡಿಸ್ಕನ್ನು ಪೂರ್ತಿ ನಕಲು ಮಾಡಿ, ಮೂಲವನ್ನು ಬೀರುವಿನಲ್ಲಿ ಇಡಿಸಿದೆ. ನಕಲಿನ ಮೇಲೆ ನಾನೇ ಒಂದು ಚಿಕ್ಕ ಪ್ರೋಗ್ರಾಂ ಬರೆದು ಡಿಬಿಎಫ್‌ಗಳನ್ನೆಲ್ಲ ಸಿಎಸ್‌ವಿಗೆ ತೆಗೆದೆ. ಬದಲಾವಣೆ ಸರಿಯಾಗಿದೆ ಎಂದು ನಂಬಲು ಹೊರಗಿನ ಒಂದು ಸಾಕ್ಷಿ ಬೇಕು. ಅಂಗಡಿಯಲ್ಲಿ ಅದು ಇತ್ತು: ಪ್ರತಿ ವರ್ಷ ಮುದ್ರಿಸಿ, ಹೊಲಿಸಿ, ಕೆಂಪು ಬಟ್ಟೆಯ ರಟ್ಟು ಹಾಕಿಸಿದ ಪುಸ್ತಕ. 1998–99ರ ಕೊನೆಯ ಪುಟದಲ್ಲಿ ಒಟ್ಟು ಆವಕ 2,41,306 ಚೀಲ ಎಂದಿತ್ತು. ನನ್ನ ಮೊತ್ತ 2,41,617. 311 ಚೀಲ ಹೆಚ್ಚು.

ಬೆಳಗಿನಿಂದ ಇದ್ದ ಸಮಾಧಾನ ಒಂದು ಕ್ಷಣ ಅಲುಗಿತು. ಮತ್ತೆ ಮೂಲ ಕಡತಕ್ಕೆ ಹೋದೆ. ಡಿಬಿಎಫ್‌ನಲ್ಲಿ ಪ್ರತಿ ಸಾಲಿನ ಮೊದಲ ಅಕ್ಷರ ಮಾಹಿತಿಯಲ್ಲ, ಒಂದು ಗುರುತು. ಸಾಮಾನ್ಯವಾಗಿ ಅದು ಖಾಲಿ ಜಾಗ. ಸಾಲನ್ನು ಅಳಿಸಿದರೆ ಅಲ್ಲಿ ನಕ್ಷತ್ರ ಚಿಹ್ನೆ ಬೀಳುತ್ತದೆ, ಸಾಲು ಹಾಗೆಯೇ ಉಳಿಯುತ್ತದೆ. ಪ್ಯಾಕ್ ಎಂಬ ಆಜ್ಞೆ ಕೊಟ್ಟಾಗಲೇ ಅದು ಕಡತದಿಂದ ನಿಜವಾಗಿ ಹೋಗುವುದು. ನನ್ನ ಪ್ರೋಗ್ರಾಂ ಆ ಗುರುತನ್ನು ನೋಡದೆ ಎಲ್ಲವನ್ನೂ ಕೂಡಿತ್ತು. ನಕ್ಷತ್ರವಿರುವ ಸಾಲುಗಳನ್ನು ಎಣಿಸಿದರೆ ಹದಿನಾಲ್ಕು. ಅವುಗಳ ಚೀಲ ಕೂಡಿದರೆ 311.

ಹದಿನಾಲ್ಕೂ ನವೆಂಬರಿನ ಎರಡೇ ದಿನಗಳವು. ಹುಡುಗ ಹಳೆಯ ಗುಮಾಸ್ತರಿಗೆ ಫೋನ್ ಮಾಡಿದ. ಸಂಜೆ ಅವರೇ ಬಂದರು. ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ ಪರದೆಯ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದರು. “ಆ ಎರಡು ದಿನ ಮೆಕ್ಕೆಜೋಳದ ದರ ಬಿದ್ದಿತ್ತಪ್ಪ. ಕೂಗಿದ ದರಕ್ಕೆ ಇವರು ಒಪ್ಪಲಿಲ್ಲ, ಮಾಲನ್ನು ಮತ್ತೆ ಗಾಡಿಗೆ ಹೇರಿಕೊಂಡು ಹೋದರು. ಎಂಟ್ರಿ ಮೊದಲೇ ಆಗಿತ್ತು, ಆಮೇಲೆ ನಾನೇ ಹೊಡೆದು ಹಾಕಿದೆ. ಪ್ಯಾಕ್ ಮಾಡುವುದು ಬೇಡ, ಇರಲಿ ಎಂದು ನಿಮ್ಮಪ್ಪ ಹೇಳಿದ್ದರು” ಎಂದರು.

“ಈಗ ತೆಗೆದುಬಿಡೋಣವೇ?” ಎಂದು ಹುಡುಗ ನನ್ನನ್ನು ಕೇಳಿದ. ಗುಮಾಸ್ತರು ಬೇಡವೆಂದು ತಲೆಯಾಡಿಸಿದರು. ಹೊಸ ಕಡತದಲ್ಲಿ ಒಂದು ಕಾಲಂ ಹೆಚ್ಚಿಸಿ, ಆ ಹದಿನಾಲ್ಕು ಸಾಲುಗಳ ಎದುರಿಗೆ ‘ವಾಪಸ್’ ಎಂದು ಬರೆದೆ.